ಪ್ರಯಾಣದಲ್ಲಿರುವವರ ಜಪ

ಇಗರ್ಜಿಯ ಸಂಜೆಯ ಗಂಟೆ ಬಿದ್ದರೆ ನಮ್ಮ ಮನೆಯಲ್ಲಿ ತೇರ್ಸು ಶುರುವಾಗಬೇಕು. ತೇರ್ಸು ಎಂದರೆ ಜಪಮಾಲೆ. ಕರೆಂಟು ಇರಲಿ ಬಿಡಲಿ, ಒಲೆಯ ಮೇಲೆ ಮೀನುಸಾರು ಕುದಿಯುತ್ತಿರಲಿ, ನೆಂಟರು ಬಂದು ಜಗಲಿಯಲ್ಲಿ ಕೂತಿರಲಿ, ಅಮ್ಮ ಸೆರಗನ್ನು ತಲೆಗೆ ಹೊದ್ದು ದೇವರ ಪೀಠದ ಮುಂದೆ ಮೊಣಕಾಲೂರಿ ಆಗಿರುತ್ತಿತ್ತು. ನಾನು ಹೊಲಿಗೆ ಮೆಷಿನ್ನಿನ ಮುಂದಿನಿಂದ ಏಳಲು ತಡ ಮಾಡಿದರೆ ಅವಳು ಕರೆಯುತ್ತಿರಲಿಲ್ಲ. ಮೊದಲ ಜಪವನ್ನು ತುಸು ಗಟ್ಟಿಯಾಗಿ ಹೇಳುತ್ತಿದ್ದಳು, ಅಷ್ಟೇ. ಅದು ನನಗೆ ಬೈಗುಳ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ನಮ್ಮದು ತ್ರಾಸಿಯಿಂದ ಗಂಗೊಳ್ಳಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಹಂಚಿನ ಮನೆ. ಅಪ್ಪ ಕುಂದಾಪುರದ ಕಡೆಯ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅಣ್ಣ ಗಂಗೊಳ್ಳಿಯಿಂದ ಮೀನಿಗೆ ಹೋಗುವ ಬೋಟಿನಲ್ಲಿದ್ದ. ನಾನು ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದೆ. ಮೊದಲ ಪರಮಪ್ರಸಾದದ ಕಾಲ ಬಂದರೆ ಊರಿನ ಹೆಣ್ಣುಮಕ್ಕಳ ಬಿಳಿ ಫ್ರಾಕುಗಳೆಲ್ಲ ನನ್ನ ಮಂಚದ ಮೇಲೆಯೇ ರಾಶಿ ಬೀಳುತ್ತಿದ್ದವು. ಮನೆಯ ಮಾತು ಕೊಂಕಣಿ, ಜಪವೂ ಕೊಂಕಣಿ. ಅಂಗಳ ದಾಟಿದರೆ ಕುಂದಾಪ್ರ ಕನ್ನಡ. ಅಮ್ಮ ಮನೆಯಲ್ಲಿ ಆಡಿದ ಮಾತನ್ನೂ ಇಲ್ಲಿ ಅವಳ ಅಂಗಳದಾಚೆಯ ಭಾಷೆಯಲ್ಲೇ ಬರೆಯುತ್ತೇನೆ. ಎರಡರಲ್ಲೂ ಅವಳ ದನಿ ಒಂದೇ ಆಗಿತ್ತು.

ಜಪಮಾಲೆಯ ಮಣಿಗಳು ಮುಗಿದರೆ ತೇರ್ಸು ಮುಗಿಯಿತು ಎಂದುಕೊಳ್ಳುವವರು ನಮ್ಮಂಥ ಮನೆಯಲ್ಲಿ ಮೊಣಕಾಲೂರಿದವರಲ್ಲ. ಅದರ ಬಾಲ ಇರುವುದೇ ಆಮೇಲೆ. ರೋಗಿಗಳಿಗೆ ಒಂದು ಜಪ, ಉಪಕಾರ ಮಾಡಿದವರಿಗೆ ಒಂದು, ಪ್ರಯಾಣದಲ್ಲಿರುವವರಿಗೆ ಒಂದು, ಕೊನೆಗೆ ಸತ್ತವರಿಗೆ ಒಂದು. ಒಂದೊಂದಕ್ಕೂ ಮೊದಲು ಅಮ್ಮ ಹೆಸರುಗಳನ್ನು ಹೇಳುತ್ತಾಳೆ, ಆಮೇಲೆ ಎಲ್ಲರೂ ಸೇರಿ ‘ನಮ್ಮ ತಂದೆಯೇ’ ಎಂದು ಜಪ ಎತ್ತುತ್ತೇವೆ. ಈ ಸಾಲು ಹಿಂದೆ ಮುಂದೆ ಆಗುವಂತಿಲ್ಲ. ಸಣ್ಣವರಿದ್ದಾಗ ಮೊಣಕಾಲು ನೋಯುತ್ತಿದ್ದ ನಮಗೆ ಸತ್ತವರ ಹೆಸರು ಬಂತೆಂದರೆ ಒಳಗೊಳಗೇ ಖುಷಿ. ಇನ್ನು ಎದ್ದು ಹೋಗಬಹುದು.

ಏಳುವ ಮೊದಲು ಬೆಸಾಂವ್ ಕೇಳಬೇಕು. ಬೆಸಾಂವ್ ಎಂದರೆ ಆಶೀರ್ವಾದ. ಕೈ ಮುಗಿದುಕೊಂಡು ಮನೆಯ ಹಿರಿಯರನ್ನು ವಯಸ್ಸಿನ ಪ್ರಕಾರ ಒಬ್ಬೊಬ್ಬರನ್ನಾಗಿ ಕೇಳುವುದು ಕ್ರಮ. ನಾನು ಅಪ್ಪನನ್ನು ಕೇಳಿ, ಅಮ್ಮನನ್ನು ಕೇಳಿ, ಆಮೇಲೆ ಅಣ್ಣನನ್ನೂ ಕೇಳಬೇಕಿತ್ತು. ಅವನು ನನಗಿಂತ ದೊಡ್ಡವನಲ್ಲವೇ. ಅವನಿಗೆ ಅದೊಂದು ಆಟ. ಕೈ ಮುಗಿದು ನಿಂತ ನನ್ನನ್ನು ಕಾಯಿಸಿ, ಚಾವಣಿ ನೋಡಿ, ಕೆಮ್ಮಿ, “ಇವತ್ತ್ ಕೊಡುದಿಲ್ಲ” ಅನ್ನುತ್ತಿದ್ದ. ನನಗೆ ಸಿಟ್ಟು ಬಂದು ಹೋಗಲು ತಿರುಗಿದರೆ ಹಿಂದಿನಿಂದ ತಲೆಗೆ ಒಂದು ತಟ್ಟಿ, “ದೇವ್ರ್ ಒಳ್ಳೇದ್ ಮಾಡ್ಲಿ” ಅಂದುಬಿಡುತ್ತಿದ್ದ. ಮದುವೆಯ ವಯಸ್ಸಿಗೆ ಬಂದ ಮೇಲೂ ಈ ಆಟ ಬಿಟ್ಟಿರಲಿಲ್ಲ.

ಅವನು ಬೋಟಿಗೆ ಸೇರಿದ ದಿನದಿಂದ ಅವನ ಹೆಸರು ಪ್ರಯಾಣದಲ್ಲಿರುವವರ ಜಪಕ್ಕೆ ಸೇರಿತ್ತು. ಕಡಲಿಗೆ ಹೋದಾಗ ಹೇಳುವುದು, ಮನೆಗೆ ಬಂದಾಗ ಬಿಡುವುದು. ಮನೆಯಲ್ಲಿದ್ದ ದಿನ ಅವನೇ ಮೊಣಕಾಲೂರಿ ನಮ್ಮ ಜೊತೆ ಜಪ ಹೇಳುತ್ತಿದ್ದ, ಅರ್ಧ ನಿದ್ದೆಯಲ್ಲಿ.

ತೊಂಬತ್ತೇಳರಲ್ಲಿ, ಮಳೆಗಾಲ ಮುಗಿದು ಬೋಟುಗಳು ಮತ್ತೆ ಕಡಲಿಗಿಳಿದ ಹೊಸತು. ಗಾಳಿ ಎದ್ದು ಅವನಿದ್ದ ಬೋಟು ದೂರದ ನೀರಿನಲ್ಲಿ ಮಗುಚಿತು. ಉಳಿದವರನ್ನು ಇನ್ನೊಂದು ಬೋಟಿನವರು ಎತ್ತಿಕೊಂಡು ಬಂದರು. ಇಬ್ಬರು ಸಿಗಲಿಲ್ಲ. ಒಬ್ಬ ನಮ್ಮ ಪಕ್ಕದ ಮನೆಯ ಮೀನು ಮಾರುವ ಹೆಂಗಸಿನ ಗಂಡ. ಇನ್ನೊಬ್ಬ ನಮ್ಮ ಅಣ್ಣ.

ಬದುಕಿ ಬಂದವರಲ್ಲಿ ಒಬ್ಬ ಮನೆಗೆ ಬಂದು, ಜಗಲಿಯ ಅಂಚಿನಲ್ಲಿ ಕೂತು, ತಲೆ ಎತ್ತದೆ ಹೇಳಿದ. “ನಾನ್ ಕಡಿಗೆ ಕಂಡದ್ದ್ ಅಂದ್ರೆ, ಅವ ಒಂದ್ ಖಾಲಿ ಡೀಸೆಲ್ ಕ್ಯಾನ್ ಅಪ್ಪಿ ಹಿಡ್ಕಂಡಿದ್ದ. ಮತ್ತೊಂದ್ ತೆರೆ ಬಂತ್. ಮತ್ತೆ ಕಾಣ್ಲಿಲ್ಲ.” ಅವನು ನಮಗೆ ದುಃಖವನ್ನು ಹೇಳಲು ಬಂದಿದ್ದ. ಅಮ್ಮ ಅದರಲ್ಲಿ ಕ್ಯಾನ್ ಒಂದನ್ನು ಮಾತ್ರ ಎತ್ತಿಕೊಂಡಳು. ಖಾಲಿ ಕ್ಯಾನ್ ಮುಳುಗುವುದಿಲ್ಲ. ಮುಳುಗದ್ದನ್ನು ಹಿಡಿದವನು ಮುಳುಗುವುದು ಹೇಗೆ? ಯಾವುದೋ ಹಡಗಿನವರು ಎತ್ತಿಕೊಂಡಿರಬೇಕು, ಹಡಗು ಎಲ್ಲಿಗೆ ಹೋಗುವುದೋ ಅಲ್ಲಿಗೆ ಹೋಗಿ ಇಳಿಸಿರಬೇಕು, ಭಾಷೆ ಬಾರದ ಊರಿನಲ್ಲಿ ಅವನು ದಾರಿ ಕೇಳುತ್ತಿರಬೇಕು. ಆ ಸಂಜೆ ಅವಳು ಪ್ರಯಾಣದಲ್ಲಿರುವವರ ಜಪಕ್ಕೆ ಬಂದಾಗ ಎಂದಿನಂತೆಯೇ ಅವನ ಹೆಸರು ಹೇಳಿದಳು. ನಾವೂ ಜಪ ಎತ್ತಿದೆವು.

ಮೊದಮೊದಲು ಅದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. ವಾರಗಳು ಹೋದವು. ಕರಾವಳಿಯ ಉದ್ದಕ್ಕೂ ಹೇಳಿಕೆ ಕಳಿಸಿದ್ದೆವು, ಎಲ್ಲಿಂದಲೂ ಸುದ್ದಿ ಇಲ್ಲ. ಅಪ್ಪ ಕಾರ್ಖಾನೆಯಿಂದ ಬರುವಾಗ ಗಂಗೊಳ್ಳಿಯ ಬಂದರಿಗೆ ಸುತ್ತು ಹಾಕಿ ಬರುವುದನ್ನು ನಿಲ್ಲಿಸಿದರು. ಒಂದು ಸಂಜೆ ಅಮ್ಮ ಸತ್ತವರ ಹೆಸರುಗಳನ್ನು ಹೇಳಿ ಮುಗಿಸಿದಳು: ಅಜ್ಜ, ಅಜ್ಜಿ, ಹುಟ್ಟಿದ ವಾರದಲ್ಲೇ ಹೋದ ನನ್ನ ತಮ್ಮ. ಅವಳು ಜಪ ಎತ್ತುವ ಮೊದಲೇ ಅಪ್ಪ ಮೆಲ್ಲಗೆ ಅಣ್ಣನ ಹೆಸರನ್ನೂ ಸೇರಿಸಿದರು.

ಅಮ್ಮ ಎದ್ದು ನಿಂತಳು. ನಡು ತೇರ್ಸಿನಲ್ಲಿ ಅಮ್ಮ ಎದ್ದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಹಾಲು ಉಕ್ಕಿದರೂ, ಕರು ಹಗ್ಗ ಬಿಚ್ಚಿಕೊಂಡು ಓಡಿದರೂ ಏಳದವಳು. ತಲೆಯ ಸೆರಗು ಜಾರಿತ್ತು. ಅಪ್ಪನ ಮುಖವನ್ನೇ ನೋಡಿ, “ನಿಮ್ಗ್ ಹೆಣ ಸಿಕ್ಕಿತ್ತಾ?” ಅಂದಳು. ಅಪ್ಪ ಕೈಯ ಮಣಿಗಳತ್ತ ತಲೆ ಬಗ್ಗಿಸಿದರು. “ಇಲ್ದಿದ್ರೆ ಸುಮ್ನೆ ಜಪ ಹೇಳಿ.” ಮತ್ತೆ ಮೊಣಕಾಲೂರಿ, ಸತ್ತವರ ಹೆಸರುಗಳನ್ನು ಮೊದಲಿನಿಂದ ಹೇಳಿದಳು. ಅವನದನ್ನು ಬಿಟ್ಟು.

ಹೊರಗಿನವರಿಗೆ ಇದು ಹುಚ್ಚು ಅನ್ನಿಸಬಹುದು. ಎರಡರಲ್ಲಿ ಎಲ್ಲಿ ಹೇಳಿದರೇನು, ದೇವರಿಗೆ ಗೊತ್ತಾಗುವುದಿಲ್ಲವೇ ಎಂದು ಕೇಳಿದವರು ಬೇಕಾದಷ್ಟಿದ್ದರು. ಅವರಿಗೆ ನಮ್ಮ ಸಂಕಟ ತಿಳಿಯುತ್ತಿರಲಿಲ್ಲ. ಸತ್ತವರು ನೇರ ಸ್ವರ್ಗಕ್ಕೆ ಹೋಗುವುದಿಲ್ಲ, ಶುದ್ಧೀಕರಣದ ಬೆಂಕಿಯಲ್ಲಿ ಕಾಯಬೇಕು. ಅಲ್ಲಿರುವವರು ತಮಗಾಗಿ ತಾವು ಒಂದು ಜಪವನ್ನೂ ಹೇಳಿಕೊಳ್ಳಲಾರರು, ಅವರಿಗೆ ಆಗುವುದೆಲ್ಲ ಬದುಕಿರುವವರ ಪ್ರಾರ್ಥನೆಯಿಂದಲೇ. ಹೀಗೆಂದು ನಮಗೆ ಹಾಲಿನ ಜೊತೆ ಕುಡಿಸಿದ್ದರು. ಹಾಗಿದ್ದ ಮೇಲೆ ಅವನು ಸತ್ತಿದ್ದರೆ? ಬೆಂಕಿಯಲ್ಲಿ ನಿಂತು ಸಂಜೆ ಸಂಜೆ ತನ್ನ ಹೆಸರಿಗೆ ಕಿವಿಗೊಡುವುದು, ತನ್ನ ಮನೆಯವರು ತನ್ನನ್ನು ದಾರಿಯಲ್ಲಿರುವವರ ಜೊತೆ ಕೂಗುವುದು, ಅದರ ಒಂದು ಹನಿಯೂ ತನ್ನವರೆಗೆ ಬಾರದಿರುವುದು. ಬದುಕಿದ್ದರೆ? ಎಲ್ಲೋ ಹಸಿದು ಅಲೆಯುತ್ತಿರುವ ಮಗನನ್ನು ತಾಯಿಯೇ ಗೋರಿಗೆ ಇಳಿಸಿದ ಹಾಗೆ. ನನಗೆ ಎರಡೂ ಕಣ್ಣಿಗೆ ಕಟ್ಟುತ್ತಿದ್ದವು. ಬಟ್ಟೆ ಕತ್ತರಿಸುವಾಗಲೂ ಅದೇ, ಗುಂಡಿ ಹಾಕುವಾಗಲೂ ಅದೇ. ಇಂಥ ವಿಷಯಗಳನ್ನು ಸರಿಯಾಗಿ ನಂಬದವರು ಪುಣ್ಯವಂತರು ಎಂದು ಆಗಲೇ ನನಗೆ ಅನ್ನಿಸಿತ್ತು.

ಪಾದ್ರಿಗಳು ಒಮ್ಮೆ ಮನೆಗೆ ಬಂದರು. ಒಳ್ಳೆಯ ಮನುಷ್ಯ, ಮಾತು ಮೆದು. ಅವನ ಆತ್ಮಕ್ಕಾಗಿ ಒಂದು ಪೂಜೆ ಇಡೋಣ, ದೇವರ ಕೈಗೆ ಬಿಟ್ಟುಬಿಡೋಣ ಎಂದರು. ಅಮ್ಮ ಅವರಿಗೆ ಚಹಾ ಕೊಟ್ಟು, ಬಾಗಿಲ ಹತ್ತಿರ ನಿಂತು ಕೇಳಿದಳು. “ಸತ್ತವ್ರ ಪೂಜಿ ಇಟ್ಟ್ರೆ ದೇವ್ರ್ ಅವ್ನನ್ನ ಸತ್ತವ್ರ ಜೊತಿಗ್ ಸೇರ್ಸೂಕೆ ಎಷ್ಟೊತ್ತ್ ಬೇಕ್ ಪಾದ್ರಿಗಳೆ? ಈಗ ಅವ್ನ್ ಬದ್ಕಿದ್ರೆ, ನಾನೇ ಅವ್ನ್ ಸಾವ್ ಕೇಳ್ಕಂಡ ಹಾಂಗ್ ಆತಿಲ್ಯಾ?” ಪಾದ್ರಿಗಳು ದೇವರು ಹಾಗೆ ಮಾಡುವುದಿಲ್ಲ ಎಂದರು. ಅಮ್ಮ, “ಬೋಟ್ ಮಗ್ಚುದಿಲ್ಲ ಅಂದೇ ನಾನೂ ಎಣ್ಸಿದ್ದೆ” ಅಂದಳು. ಚಹಾ ಪೂರ್ತಿ ಕುಡಿಯದೆ ಹೋದರು ಅವರು.

ಪಕ್ಕದ ಮನೆಯಲ್ಲಿ ಬೇರೆಯೇ ಆಯಿತು. ಅವರ ಕ್ರಮದಲ್ಲಿ ದೇಹ ಸಿಗದಿದ್ದರೂ ದಾರಿ ಇತ್ತು. ಪುರೋಹಿತರನ್ನು ಕರೆಸಿ, ದರ್ಭೆಯಿಂದ ಆಳಿನ ರೂಪ ಮಾಡಿ, ಅದನ್ನು ಸುಟ್ಟು, ಕಾರ್ಯ ಮುಗಿಸಿದರು. ಆ ಹೆಂಗಸು ಕೆಲವು ದಿನ ಹೊರಗೆ ಕಾಣಿಸಲಿಲ್ಲ. ಆಮೇಲೆ ಮೀನಿನ ಬುಟ್ಟಿ ಹೊತ್ತು ಹೊರಟಳು. ನಮ್ಮ ಅಂಗಳದಲ್ಲಿ ಬುಟ್ಟಿ ಇಳಿಸಿ ಅಮ್ಮನಿಗೆ ಹೇಳಿದಳು. “ಬಾಯಮ್ಮ, ನಂಗೂ ಅವ್ರ್ ಬತ್ರ್ ಅಂದೇ ಇತ್ತ್. ಈಗ ಸುಟ್ಟಾಯ್ತ್. ಕಣ್ಣೀರ್ ಹಾಕಿ ಮರ್ಕುಕೆ ಒಂದ್ ಜಾಗ ಸಿಕ್ತ್. ನೀವೂ ಎಂತಾರೂ ಮಾಡಿ ಮುಗ್ಸಿ.” ಅಮ್ಮ ಬಂಗುಡೆಯ ಕಿವಿರು ಎತ್ತಿ ನೋಡುತ್ತ, “ನಮ್ಮಲ್ಲಿ ಗೊಂಬಿ ಸುಡುದಿಲ್ಲ” ಎಂದಷ್ಟೇ ಹೇಳಿ ಮೀನು ಆರಿಸಿಕೊಂಡಳು. ಆ ದಿನ ನಾನು ಪಕ್ಕದ ಮನೆಯವಳ ಮೇಲೆ ಪಟ್ಟ ಹೊಟ್ಟೆಕಿಚ್ಚನ್ನು ಯಾರ ಚಿನ್ನದ ಮೇಲೂ ಪಟ್ಟಿಲ್ಲ. ಅವಳ ಗಂಡನಿಗೆ ಸಾವಾದರೂ ಸಿಕ್ಕಿತ್ತು.

ಮುಂದಿನ ವರ್ಷ ಮೊಂತಿ ಹಬ್ಬ ಬಂತು. ಮೇರಿಮಾತೆಯ ಹುಟ್ಟುಹಬ್ಬ, ಹೊಸ ಭತ್ತದ ತೆನೆಯನ್ನು ಇಗರ್ಜಿಯಲ್ಲಿ ಮಂತ್ರಿಸಿ ಮನೆಗೆ ತಂದು, ಅಕ್ಕಿ ಬಿಡಿಸಿ ಪುಡಿ ಮಾಡಿ, ತೆಂಗಿನ ಹಾಲಿನಲ್ಲಿ ಕಲಸಿ, ಮೊದಲು ಅದನ್ನು ಒಂದೊಂದು ಚಮಚ ಎಲ್ಲರ ಬಾಯಿಗೆ ಹಾಕಿ ಆಮೇಲೆ ಊಟ. ದೂರದ ಊರಿನಲ್ಲಿರುವವರಿಗೂ ಪಾಲು ಉಂಟು. ಮುಂಬೈಯಲ್ಲಿದ್ದ ಚಿಕ್ಕಮ್ಮನಿಗೆ ಅಮ್ಮ ವರ್ಷವೂ ಲಕೋಟೆಯಲ್ಲಿ ಹೊಸ ಅಕ್ಕಿಯ ಪುಡಿ ಹಾಕಿ ಅಂಚೆಗೆ ಕಳಿಸುತ್ತಿದ್ದಳು. ಸತ್ತವರಿಗೆ ಪಾಲಿಲ್ಲ. ಅಣ್ಣನ ಪಾಲನ್ನು ಎಲ್ಲಿಗೆ ಕಳಿಸುವುದು? ಅಮ್ಮ ಒಂದು ತೆನೆಯನ್ನು ಹಾಗೆಯೇ ಉಳಿಸಿ, ಪೀಠದಲ್ಲಿ ಶಿಲುಬೆಯ ಹಿಂದೆ ಸಿಕ್ಕಿಸಿದಳು. ಮರುವರ್ಷ ಹೊಸದು ಸಿಕ್ಕಿಸಿ ಹಳೆಯದನ್ನು ಕೋಳಿಗೆ ಹಾಕಿದಳು. ಹೀಗೆ ಅವನ ಪಾಲನ್ನು ವರ್ಷವೂ ಕೋಳಿಗಳು ತಿಂದವು. ನಾನು ನೋಡುತ್ತ ನಿಲ್ಲಲಾಗದೆ ಒಳಗೆ ಹೋಗುತ್ತಿದ್ದೆ.

ಕೊಂಕಣ ರೈಲು ಓಡಲು ಶುರುವಾದ ಕಾಲ ಅದು. ಹೊಸ ರೈಲು ಅಮ್ಮನಿಗೆ ಹೊಸ ಆಸೆ ತಂದಿತು. ಹಡಗು ಎಲ್ಲೇ ಇಳಿಸಲಿ, ಮುಂಬೈಗೆ ಬಂದರೆ ಸಾಕು, ಇನ್ನು ಮನೆಯ ಹತ್ತಿರದವರೆಗೆ ರೈಲು ಇದೆ. ಒಮ್ಮೆ ಯಾರೋ ಬಂದು, ಬೈಂದೂರು ಸ್ಟೇಷನ್ನಿನಲ್ಲಿ ನಿಮ್ಮ ಮಗನ ಹಾಗೆ ಇರುವ ಒಬ್ಬ ಇದ್ದಾನೆ, ಮಾತಾಡುವುದಿಲ್ಲ, ಗಡ್ಡ ಬಿಟ್ಟಿದ್ದಾನೆ ಎಂದರು. ಅಮ್ಮ ಚಪಾತಿ ಮಾಡಿ, ಮೀನು ಹುರಿದು ಕಟ್ಟಿಕೊಂಡಳು. ಅಣ್ಣನ ಒಂದು ಪ್ಯಾಂಟು, ಅಂಗಿ ಚೀಲಕ್ಕೆ ಹಾಕಿದಳು. ನಾನೂ ಅವಳೂ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವಳ ಬೆರಳುಗಳು ಮಣಿ ಎಣಿಸುತ್ತಿದ್ದವು. ಕಿಟಕಿಯಾಚೆ ಕಡಲು ಬಂದಾಗಲೆಲ್ಲ ಅವಳು ಮುಖ ಈಚೆ ತಿರುಗಿಸುತ್ತಿದ್ದಳು.

ಆ ಮನುಷ್ಯ ಪ್ಲಾಟ್‌ಫಾರಂನ ತುದಿಯಲ್ಲಿ ಮುಖದ ಮೇಲೆ ಟವಲು ಹಾಕಿಕೊಂಡು ಮಲಗಿದ್ದ. ಕಾಲುಗಳು ಅಣ್ಣನ ಕಾಲುಗಳೇ ಅನ್ನಿಸಿದವು. ಅಮ್ಮ ಕುಕ್ಕರುಗಾಲಲ್ಲಿ ಕೂತು, ಮಗುವಿನ ಮುಖದ ಬಟ್ಟೆ ಸರಿಸುವವಳ ಹಾಗೆ ಟವಲು ಸರಿಸಿದಳು. ಯಾರೋ ಒಬ್ಬ. ಬೇರೆ ಯಾರದೋ ಮಗ. ಕಣ್ಣು ಬಿಟ್ಟು ನಮ್ಮನ್ನು ನೋಡಿ ಹೆದರಿದ. ಅಮ್ಮ ಬುತ್ತಿ ಬಿಚ್ಚಿ ಅವನ ಮುಂದಿಟ್ಟಳು, ಅವನು ತಿನ್ನುವುದನ್ನು ಕೊನೆಯವರೆಗೂ ನೋಡಿದಳು. ಪ್ಯಾಂಟು ಅಂಗಿ ಮಾತ್ರ ಚೀಲದಲ್ಲೇ ಉಳಿಯಿತು. ವಾಪಸ್ಸು ಬರುವ ಬಸ್ಸಿನಲ್ಲಿ ನಾನು, “ಅದನ್ನೂ ಕೊಟ್ಟ್ ಬರ್ಬಹುದಿತ್ತಲ್ದಾ ಅಮ್ಮಾ” ಅಂದೆ. “ಅವ್ನ್ ಬಂದ್ರೆ ಎಂತ ಹಾಕ್ಕಂಬುದ್?” ಅಂದಳು. ಆ ಸಂಜೆಯೂ ತೇರ್ಸು ತಪ್ಪಲಿಲ್ಲ, ಪ್ರಯಾಣದಲ್ಲಿರುವವರ ಜಪದಲ್ಲಿ ಅವನ ಹೆಸರು ತಪ್ಪಲಿಲ್ಲ.

ನನಗೆ ಬ್ರಹ್ಮಾವರದ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ನೋಡಲು ಚೆನ್ನಾಗಿದ್ದ, ಎದುರು ಬದರು ಕೂತು ಒಂದೆರಡು ಮಾತಾಡಿ ನಕ್ಕಿದ್ದೆವು ಕೂಡ. ಮದುವೆಯ ಹಿಂದಿನ ದಿನ ತೆಂಗಿನ ಹಾಲು ಹಚ್ಚುವ ಶಾಸ್ತ್ರಕ್ಕೆ ಅಣ್ಣ ಬೇಕು, ಅವನು ಬರಲಿ, ಆಮೇಲೆ ದಿನ ನೋಡೋಣ ಎಂದಳು ಅಮ್ಮ. ಅವರು ಒಂದು ವರ್ಷ ಕಾದರು. ಮತ್ತೆ ಕೇಳಿ ಕಳಿಸಿದರು. ಅಮ್ಮನದು ಅದೇ ಮಾತು. ಆಮೇಲೆ ಅವನ ಮದುವೆ ಬೇರೆ ಕಡೆ ಆಯಿತು. ನನಗೆ ಅಮ್ಮನ ಮೇಲೆ ಬಂದ ಸಿಟ್ಟು ಇಂಥದ್ದೆಂದು ಹೇಳಲಾರೆ. ಅಣ್ಣನ ಮೇಲೂ ಬಂತು. ಸತ್ತಿದ್ದರೆ ನೆಟ್ಟಗೆ ಸತ್ತು ದಡಕ್ಕಾದರೂ ಬರಬಾರದಿತ್ತೇ ಎಂದು ಮೆಷಿನ್ನಿನ ಪೆಡಲು ಒದೆಯುತ್ತ ಅಂದುಕೊಂಡಿದ್ದೇನೆ. ಅಂದುಕೊಂಡ ಮೇಲೆ ಅತ್ತಿದ್ದೇನೆ. ಎರಡನ್ನೂ ಈಗಲೂ ಮಾಡುತ್ತೇನೆ.

ಅಪ್ಪ ಕೆಲವು ವರ್ಷಗಳ ನಂತರ ಹೋದರು. ಕಾರ್ಖಾನೆಯ ದೂಳು ಎದೆಯಲ್ಲಿ ಕೂತಿತ್ತು. ಅವರ ಸಾವು ಸರಿಯಾದ ಸಾವು: ಪಾದ್ರಿಗಳು ಬಂದು ಎಣ್ಣೆ ಹಚ್ಚಿದರು, ಬಾಯಿಗೆ ನೀರು ಬಿಟ್ಟೆವು, ಇಗರ್ಜಿಯ ಗಂಟೆ ಮೆಲ್ಲಗೆ ಬಿಟ್ಟು ಬಿಟ್ಟು ಬಾರಿಸಿತು, ಊರು ಬಂದು ನಿಂತಿತು. ಪೆಟ್ಟಿಗೆ ಮುಚ್ಚುವ ಮುಂಚೆ ಮನೆಯವರು ಕೊನೆಯ ಮುತ್ತು ಕೊಡುತ್ತಾರೆ. ಅಮ್ಮ ಮುತ್ತು ಕೊಟ್ಟವಳು ಹಿಂದೆ ಸರಿಯಲಿಲ್ಲ. ಇನ್ನೂ ಬಾಗಿ ಅಪ್ಪನ ಕಿವಿಗೆ ಬಾಯಿಟ್ಟಳು. ಪಕ್ಕದಲ್ಲೇ ಇದ್ದ ನನಗೆ ಮಾತ್ರ ಕೇಳಿಸಿತು.

“ಹ್ವಾಯ್, ಅಲ್ಲಿಗ್ ಹೋದ್ಮೇಲೆ ನಮ್ಮ್ ಮಾಣಿ ಇದ್ನಾ ಕಾಣಿ. ಇದ್ರೂ ನಂಗ್ ಹೇಳಿ, ಇಲ್ದಿದ್ರೂ ಹೇಳಿ. ನಂಗ್ ಇನ್ನ್ ಆತಿಲ್ಲ.”

ಅಲ್ಲಿಯವರೆಗೆ ನಾನು ಅಮ್ಮನನ್ನು ಬಂಡೆ ಎಂದುಕೊಂಡಿದ್ದೆ. ಅವಳಿಗೆ ಅನುಮಾನವೇ ಇಲ್ಲ, ಅನುಮಾನ ಎಲ್ಲ ನನ್ನ ಪಾಲಿಗೆ ಬಂದಿದೆ ಎಂದು ನನ್ನ ಲೆಕ್ಕ. ಆ ದಿನ ಪೆಟ್ಟಿಗೆಯ ಮುಂದೆ ಅವಳು ಬಾಗಿದ ರೀತಿ ನೋಡಿದ ಮೇಲೆ ನನಗೆ ನಿಲ್ಲಲು ನೆಲ ಉಳಿಯಲಿಲ್ಲ. ಅಪ್ಪನ ಹೆಸರು ಅಂದೇ ಸಂಜೆ ಸತ್ತವರ ಜಪಕ್ಕೆ ಸೇರಿತು. ಎಷ್ಟು ಸಲೀಸಾಗಿ ಸೇರಿತು.

ಅವಳು ಕಾದಳು. ಕನಸು ಬಿತ್ತೇ ಎಂದು ನನ್ನನ್ನೂ ಕೇಳುತ್ತಿದ್ದಳು, ಅಪ್ಪ ಒಂದು ವೇಳೆ ನನ್ನ ಹತ್ತಿರ ಹೇಳಿ ಹೋಗಿದ್ದರೆ ಎಂದು. ಬಾಗಿಲು ತಾನಾಗಿ ಬಡಿದರೆ, ಪೀಠದ ಮೇಣದ ಬತ್ತಿ ಆರಿದರೆ, ನಿಂತು ನೋಡುತ್ತಿದ್ದಳು. ನವೆಂಬರಿನಲ್ಲಿ ಸತ್ತವರ ಹಬ್ಬದ ದಿನ ಅಪ್ಪನ ಸಮಾಧಿಗೆ ಹೂವಿಟ್ಟು ಬತ್ತಿ ಹಚ್ಚಿ, ಎಲ್ಲರೂ ಹೋದ ಮೇಲೂ ಅಲ್ಲೇ ಕೂತಿದ್ದಳು. ನಾನು ಕರೆಯಲು ಹೋದೆ. ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದಳು. “ನಿನ್ನಪ್ಪ ಎಂತದೂ ಹೇಳ್ಲಿಲ್ಲ ಮಗ್ಳೆ. ಬದ್ಕಿದ್ದಾಗ್ಲೂ ಹಾಂಗೇ, ಕೇಳ್ದದ್ದಕ್ಕೆ ಉತ್ರ ಕೊಡ್ತಿರ್ಲಿಲ್ಲ.” ನಗು ಬರಬೇಕಾಗಿದ್ದ ಮಾತು. ನಮ್ಮಿಬ್ಬರಿಗೂ ಬರಲಿಲ್ಲ.

ಅದೇ ಸಂಜೆ ತೇರ್ಸಿನ ಬಾಲಕ್ಕೆ ಹೊಸದೊಂದು ಸೇರಿತು. ಸತ್ತವರ ಜಪ ಮುಗಿಯಿತೆಂದು ನಾನು ಬೆಸಾಂವ್ ಕೇಳಲು ಕೈ ಮುಗಿದಿದ್ದೆ. ಅಮ್ಮ ಏಳಲಿಲ್ಲ. “ಯಾರೂ ಜಪ ಹೇಳುವವರಿಲ್ಲದ ಆತ್ಮಗಳಿಗಾಗಿ” ಎಂದು ಇನ್ನೊಂದು ಎತ್ತಿದಳು. ಹೆಸರು ಯಾವುದೂ ಇಲ್ಲ. ಇಂಥ ಜಪ ಹೇಳುವ ಮನೆಗಳಿವೆ, ನಮ್ಮಲ್ಲಿ ಮಾತ್ರ ಇರಲಿಲ್ಲ. ಮೊಣಕಾಲು ಉಜ್ಜಿಕೊಳ್ಳುತ್ತ, “ಇದೆಂತ ಹೊಸತ್ತ್?” ಎಂದು ಕೇಳಿದೆ. “ಪಾಪ, ಅವ್ರಿಗೂ ಯಾರಾರೂ ಹೇಳ್ಕಲ್ದಾ” ಅಂದಳು. ವಯಸ್ಸಾದಂತೆ ಭಕ್ತಿ ಜಾಸ್ತಿಯಾಗುತ್ತದೆ ಎಂದುಕೊಂಡೆ. ನನ್ನದು ಆ ಹೊತ್ತಿಗೆ ಕಡಿಮೆಯಾಗುತ್ತ ಬಂದಿತ್ತು. ತುಟಿ ಆಡುತ್ತಿತ್ತು, ಒಳಗೆ ಏನೂ ಇರಲಿಲ್ಲ. ದೇವರು ಒಂದು ಮಾತು ಹೇಳಿದ್ದರೆ ಸಾಕಿತ್ತು: ಇದ್ದಾನೆ, ಅಥವಾ ಇಲ್ಲ. ಯಾವುದಾದರೂ ಒಂದು. ಲೋಕವನ್ನೇ ಮಾತಿನಿಂದ ಮಾಡಿದವನಿಗೆ ನಮ್ಮ ಮನೆಗೆ ಹೇಳಲು ಒಂದು ಮಾತು ಇರಲಿಲ್ಲ. ದೇವರೆಂದರೆ ಪ್ರೀತಿ ಎಂದು ಇಗರ್ಜಿಯಲ್ಲಿ ಓದುವಾಗ ನಾನು ನನ್ನ ಉಗುರು ನೋಡುತ್ತಿದ್ದೆ.

ಹೆದ್ದಾರಿ ಅಗಲ ಮಾಡಲು ಮರ ಕಡಿಯುತ್ತಿದ್ದ ವರ್ಷಗಳಲ್ಲಿ ಅಮ್ಮ ಹಾಸಿಗೆ ಹಿಡಿದಳು. ಮೊದಲು ಕಾಲು ಹೋಯಿತು, ಆಮೇಲೆ ಮಾತು ಕಡಿಮೆಯಾಯಿತು. ತೇರ್ಸನ್ನು ಅವಳ ಮಂಚದ ಪಕ್ಕಕ್ಕೆ ತಂದೆ. ಈಗ ಹೇಳಿಸುವವಳು ನಾನು, ಅವಳು ಕಣ್ಣು ಮುಚ್ಚಿ ತುಟಿ ಆಡಿಸುವವಳು. ಮದುವೆಗಳ ಕಾಲ, ರವಿಕೆಗಳು ರಾಶಿ ಬಿದ್ದಿದ್ದವು. ಒಂದು ಸಂಜೆ ಬೇಗ ಮುಗಿಸುವ ಆತುರದಲ್ಲಿ ಸತ್ತವರ ಜಪ ಹೇಳಿ, ಕೊನೆಯದನ್ನು ಬಿಟ್ಟು, ಬೆಸಾಂವ್ ಕೇಳಲು ಅವಳ ಕಡೆ ಕೈ ಮುಗಿದೆ.

ಅಮ್ಮ ಕಣ್ಣು ತೆರೆದಳು. “ಅಣ್ಣಂದ್ ಬಿಟ್ಟೆ.”

“ಹೇಳಿದೆ ಅಮ್ಮಾ. ಪ್ರಯಾಣದಲ್ಲಿಪ್ಪವ್ರ ಜಪ ಹೇಳುವತ್ತಿಗೇ ಹೇಳಿದೆ, ನೀ ಕೇಳ್ಲಿಲ್ಯಾ?”

ತಲೆಯನ್ನು ದಿಂಬಿನ ಮೇಲೆ ಅತ್ತಿತ್ತ ಆಡಿಸಿದಳು. “ಅದಲ್ಲ. ಕಡೀದ್.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕೈ ಮುಗಿದದ್ದು ಹಾಗೆಯೇ ಉಳಿಯಿತು. ಅಪ್ಪ ಉತ್ತರ ಕೊಡದ ಆ ಸಂಜೆಯಿಂದ, ಅಷ್ಟು ವರ್ಷ, ಅವಳು ತನ್ನ ಮಗನಿಗೆ ಎರಡು ಜಪ ಹೇಳುತ್ತ ಬಂದಿದ್ದಳು. ಬದುಕಿದ್ದರೆ ಸಿಗಲಿ ಎಂದು ಹೆಸರು ಹಿಡಿದು ಒಂದು. ಸತ್ತಿದ್ದರೆ ಬೆಂಕಿಯಲ್ಲಿ ಒಂಟಿಯಾಗದಿರಲಿ ಎಂದು, ಹೆಸರು ಹಿಡಿಯದೆ, ಯಾರಿಗೂ ಬೇಡದವರ ಗುಂಪಿನಲ್ಲಿ ಬಚ್ಚಿಟ್ಟು, ಇನ್ನೊಂದು. ಅವನ ತಾಯಿ ದಿನವೂ ಮೊಣಕಾಲೂರುತ್ತಿದ್ದ ಮನೆಯಲ್ಲಿ ಅವನು ಯಾರೂ ಜಪ ಹೇಳುವವರಿಲ್ಲದ ಆತ್ಮವಾಗಿದ್ದ.

“ಹಾಂಗಾರೆ ನಿಂಗ್ ಗೊತ್ತಿತ್ತಾ ಅಮ್ಮಾ, ಅವ್ನ್ ಇಲ್ಲ ಅಂದ್?” ಎಂದು ಕೇಳಿದೆ.

“ಗೊತ್ತಿದ್ರೆ ಹೆಸ್ರ್ ಹೇಳ್ತಿದ್ದೆ” ಅಂದಳು. ಕಣ್ಣಿನ ಕೊನೆಯಿಂದ ನೀರು ಇಳಿದು ಕಿವಿಗೆ ಹೋಯಿತು. ನಾನು ಒರೆಸಿದೆ. ಆಮೇಲೆ ಕೊನೆಯ ಜಪ ಹೇಳಿದೆ, ಅವಳ ತುಟಿಯ ವೇಗಕ್ಕೆ, ನಿಧಾನವಾಗಿ. ಆ ವರ್ಷದ ಮೊಂತಿ ಹಬ್ಬಕ್ಕೆ ಅವಳು ಇರಲಿಲ್ಲ.

ಪೆಟ್ಟಿಗೆ ಮುಚ್ಚುವ ಮುಂಚೆ ಅವಳ ಕಿವಿಗೆ ನಾನೂ ಬಾಗಿದೆ. ಅವಳು ಅಪ್ಪನಿಗೆ ಹೇಳಿದ್ದನ್ನೇ ಹೇಳಬೇಕೆಂದುಕೊಂಡಿದ್ದೆ. ಬಾಯಿ ಬರಲಿಲ್ಲ. ಅಲ್ಲಿ ಯಾರೂ ಇಲ್ಲ, ಬೆಂಕಿಯೂ ಇಲ್ಲ, ಕಾಯುವವರೂ ಇಲ್ಲ ಎಂದು ಅಷ್ಟರಲ್ಲಿ ನನಗೆ ಅನ್ನಿಸಿಹೋಗಿತ್ತು. ಸುಮ್ಮನೆ ಮುತ್ತು ಕೊಟ್ಟು ಹಿಂದೆ ಸರಿದೆ.

ಈಗ ಗಂಟೆ ಬಿದ್ದಾಗ ಮೆಷಿನ್ನು ನಿಲ್ಲಿಸುತ್ತೇನೆ. ಯಾಕೆಂದು ಕೇಳಿದರೆ ಭಕ್ತಿಯಿಂದ ಎಂದು ಹೇಳಲಾರೆ. ಪೀಠದ ಹಿಂದಿನ ಗೋಡೆ ನನಗೆ ಗೋಡೆಯಾಗಿಯೇ ಕಾಣುತ್ತದೆ. ಆದರೂ ನಾನು ಬಿಟ್ಟರೆ, ಮತ್ತು ಅಮ್ಮ ನಂಬಿದ್ದೆಲ್ಲ ನಿಜವಾಗಿದ್ದರೆ, ಆ ದಿನದಿಂದ ಅವನಿಗೆ ನಿಜವಾಗಿಯೂ ಯಾರೂ ಇಲ್ಲ. ಆ ಒಂದು ‘ನಿಜವಾಗಿದ್ದರೆ’ ನನ್ನನ್ನು ಕುತ್ತಿಗೆ ಹಿಡಿದು ಮೊಣಕಾಲೂರಿಸುತ್ತದೆ. ಪ್ರಯಾಣದಲ್ಲಿರುವವರ ಜಪದಲ್ಲಿ ಅವನ ಹೆಸರು ಹೇಳುತ್ತೇನೆ. ಸತ್ತವರ ಜಪದಲ್ಲಿ ಅಪ್ಪ, ಅಮ್ಮ. ಕೊನೆಯದನ್ನು ಹೆಸರಿಲ್ಲದೆ ಹೇಳುತ್ತೇನೆ.

ಆಮೇಲೆ ಬೆಸಾಂವ್. ಈ ಮನೆಯಲ್ಲಿ ನನಗಿಂತ ಹಿರಿಯರು ಎಂದು ಉಳಿದಿರುವುದು, ಉಳಿದಿದ್ದರೆ, ಅವನೊಬ್ಬನೇ. ಕೈ ಮುಗಿದು ಬಾಗಿಲ ಕಡೆ ತಿರುಗಿ ಕೇಳುತ್ತೇನೆ, ಸ್ವಲ್ಪ ಹೊತ್ತು ಕಾಯುತ್ತೇನೆ. ಇವತ್ತೂ ಕೊಡಲಿಲ್ಲ.